ಎಫ್‌ಡಿ ಇಟ್ಟು ಸಿಬಿಲ್ ಸ್ಕೋರ್ ಸರಿ ಮಾಡಿಕೊಂಡೆ

ಬೈಕ್ ಸಾಲ ಕೇಳಿದಾಗ ಬ್ಯಾಂಕಿನವರು ಸಿಬಿಲ್ ಸ್ಕೋರ್, ಅಂದರೆ ಸಾಲ, ಕಾರ್ಡ್ ಬಾಕಿ ಹೇಗೆ ಕಟ್ಟಿದ್ದೇವೆ ಎಂದು ತೋರಿಸುವ ಅಂಕ, ನೋಡಿ ಆಗಲ್ಲ ಎಂದರು. ಸ್ಕೋರ್ 590. ಅದು 300ರಿಂದ 900ರವರೆಗಿನ ಲೆಕ್ಕ. ವರ್ಷಕ್ಕೊಮ್ಮೆ ಪುಕ್ಕಟೆ ಸಿಗುವ ವರದಿ ತೆಗೆದು ನೋಡಿದೆ. ಹಳೇ ಕ್ರೆಡಿಟ್ ಕಾರ್ಡಿನ ಮುಂದೆ ‘ಸೆಟಲ್ಡ್’ ಎಂದಿತ್ತು, ಅಂದರೆ ಬಾಕಿ ಪೂರ್ತಿ ಕಟ್ಟದೆ ಕಡಿಮೆ ಮೊತ್ತಕ್ಕೆ ರಾಜಿ ಮಾಡಿಕೊಂಡಿದ್ದು. ಅವತ್ತು ಅರ್ಧಕ್ಕೇ ಮುಗೀತಲ್ಲ ಅಂತ ಖುಷಿಪಟ್ಟಿದ್ದೆ! ಉಳಿದಿದ್ದನ್ನೂ ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ಪಡೆದು, ವರದಿಯಲ್ಲಿ ‘ಕ್ಲೋಸ್ಡ್’ ಎಂದು ಬದಲಾವಣೆ ಮಾಡಿಸಿದೆ.

ಆಮೇಲೆ 25,000 ರೂಪಾಯಿ ಎಫ್‌ಡಿ ಇಟ್ಟು, ಅದರ ಮೇಲೆ ಕ್ರೆಡಿಟ್ ಕಾರ್ಡ್ ತೆಗೆದುಕೊಂಡೆ. ಲಿಮಿಟ್ 20,000. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ, ಆದರೆ ಕಾರ್ಡ್ ಇರುವವರೆಗೆ ಮುರಿಯುವಂತಿಲ್ಲ.

ಇಲ್ಲೂ ಎಡವಿದೆ. ಮೊದಲ ತಿಂಗಳುಗಳಲ್ಲಿ 18,000ದವರೆಗೆ ಉಜ್ಜಿ, ಗಡುವಿನೊಳಗೆ ಪೂರ್ತಿ ಕಟ್ಟುತ್ತಿದ್ದೆ. ಸ್ಕೋರ್ ಅಲ್ಲಾಡಲಿಲ್ಲ. ಬಿಲ್ ತಯಾರಾದ ದಿನ ಇರುವ ಬಾಕಿಯೇ ಸಾಮಾನ್ಯವಾಗಿ ವರದಿಗೆ ಹೋಗುತ್ತದೆ ಎಂದು ಆಮೇಲೆ ಗೊತ್ತಾಯಿತು. ಆ ಬಾಕಿ ಲಿಮಿಟ್ಟಿನ ಶೇ. 30 ದಾಟಬಾರದು ಅಂತಾರಲ್ವಾ, ನನ್ನ ಲೆಕ್ಕದಲ್ಲಿ ಅದು 6,000. ಹಾಗಾಗಿ ಪೆಟ್ರೋಲ್, ಕರೆಂಟ್ ಬಿಲ್ಲಿಗೆ ಮಾತ್ರ ಕಾರ್ಡ್ ಇಟ್ಟುಕೊಂಡೆ. ಜಾಸ್ತಿಯಾದರೆ ಬಿಲ್ ಬರುವ ಮೊದಲೇ ಕಟ್ಟಿಬಿಡುತ್ತಿದ್ದೆ. ಆಟೋಪೇ ಹಾಕುವಾಗ ‘ಮಿನಿಮಮ್ ಡ್ಯೂ’ ಬಿಟ್ಟು ‘ಟೋಟಲ್ ಡ್ಯೂ’ ಆರಿಸಿದೆ. ಬಿಲ್ಲಿನ ಸಣ್ಣ ಪಾಲಾದ ಮಿನಿಮಮ್ ಮಾತ್ರ ಕಟ್ಟಿದರೆ ಉಳಿದಿದ್ದಕ್ಕೆ ಬಡ್ಡಿ ಸುಮ್ನೆ ಬೆಳೆಯುತ್ತದೆ.

ಹದಿನಾಲ್ಕು ತಿಂಗಳಿಗೆ ಸ್ಕೋರ್ 731 ಆಯಿತು. ಬೈಕ್ ಮಾತ್ರ ಇನ್ನೂ ತಗೊಂಡಿಲ್ಲ.