ಬ್ರಿಟನ್ ಪಟ್ಟದ ಸರದಿ: ಲೆಕ್ಕ ಹಾಕೋದು ಹೇಗೆ?

ರಾಜನ ಹಿರಿಮಗನಿಗೆ ಪಟ್ಟ, ಅಷ್ಟೇ ಅಲ್ವಾ? ಅಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿನ ಜೊತೆ ಪಾರ್ಲಿಮೆಂಟಿನ ಮಾತೂ ನಡೆಯುತ್ತದೆ. ಎಂಟನೇ ಹೆನ್ರಿ ಇದಕ್ಕೆಂದೇ ಮೂರು ಕಾಯ್ದೆ ಮಾಡಿಸಿದ. ಮೊದಲನೆಯದರಲ್ಲಿ ಮಗಳು ಮೇರಿ ಹೊರಗೆ, ಎಲಿಜಬೆತ್ ಒಳಗೆ. ಎರಡನೆಯದರಲ್ಲಿ ಇಬ್ಬರೂ ಹೊರಗೆ. ಮೂರನೆಯದರಲ್ಲಿ ಇಬ್ಬರೂ ವಾಪಸ್. ಕೊನೆಗೆ ಇಬ್ಬರೂ ರಾಣಿಯರಾದರು ಅನ್ನಿ. ಅದಕ್ಕೇ ಹಾಳೆ, ಪೆನ್ಸಿಲ್ ಜೊತೆ ರಬ್ಬರನ್ನೂ ಇಟ್ಟುಕೊಳ್ಳಿ.

1. ಸೋಫಿಯಾಳ ಹೆಸರು ಬರೆಯಿರಿ

ಹಾಳೆಯ ಮೇಲ್ತುದಿಗೆ ಬರುವವಳು ಯಾವ ರಾಣಿಯೂ ಅಲ್ಲ, ಜರ್ಮನಿಯ ಹ್ಯಾನೋವರ್‌ನ ಸೋಫಿಯಾ, ಒಂದನೇ ಜೇಮ್ಸ್ ದೊರೆಯ ಪ್ರಾಟೆಸ್ಟೆಂಟ್ ಮೊಮ್ಮಗಳು. ಕ್ಯಾಥೊಲಿಕ್ ದೊರೆ ಎರಡನೇ ಜೇಮ್ಸ್ 1688ರಲ್ಲಿ ದೇಶ ಬಿಟ್ಟು ಓಡಿದ್ದ. 1700ರಲ್ಲಿ ಅವನ ಪ್ರಾಟೆಸ್ಟೆಂಟ್ ಮಗಳು ಆ್ಯನ್‌ಗೆ ಉಳಿದಿದ್ದ ಒಬ್ಬನೇ ಮಗನೂ ತೀರಿಕೊಂಡ. ಆ್ಯನ್ ನಂತರ ಮತ್ತೆ ಕ್ಯಾಥೊಲಿಕರು ಬಂದಾರು ಅನ್ನೋ ಭಯಕ್ಕೆ ಪಾರ್ಲಿಮೆಂಟು 1701ರಲ್ಲಿ ಸೆಟಲ್‌ಮೆಂಟ್ ಕಾಯ್ದೆ ಮಾಡಿತು. ಸೋಫಿಯಾಗಿಂತ ಹತ್ತಿರದ ಸಂಬಂಧಿಕರಾಗಿದ್ದ 50ಕ್ಕೂ ಹೆಚ್ಚು ಕ್ಯಾಥೊಲಿಕರನ್ನು ದಾಟಿ ಪಟ್ಟದ ಹಕ್ಕು ಅವಳಿಗೂ ಅವಳ ಸಂತಾನಕ್ಕೂ ಹೋಯಿತು. ಪಾಪ, ಅವಳಿಗೆ ಅದು ದಕ್ಕಲಿಲ್ಲ. 1714ರ ಜೂನ್‌ನಲ್ಲಿ ಸೋಫಿಯಾ ತೀರಿಕೊಂಡಳು, ಆಗಸ್ಟ್ 1ರಂದು ಆ್ಯನ್. ರಾಜನಾದದ್ದು ಸೋಫಿಯಾಳ ಮಗ ಜಾರ್ಜ್.

2. ಒಂದು ಕವಲು ಮುಗಿಸಿ ಇನ್ನೊಂದಕ್ಕೆ ಹೋಗಿ

ಹಿರಿಯವರು ಸತ್ತಿದ್ದರೂ ಅವರ ಮಕ್ಕಳ ಸರದಿ ಮುಗಿಯದೆ ತಮ್ಮಂದಿರಿಗೆ ಅವಕಾಶವಿಲ್ಲ. ಮೂರನೇ ಜಾರ್ಜ್‌ನ ನಾಲ್ಕನೇ ಮಗ ಎಡ್ವರ್ಡ್ 1820ರಲ್ಲೇ ತೀರಿಕೊಂಡಿದ್ದ. ಐದನೇ ಮಗ ಅರ್ನೆಸ್ಟ್ ಬದುಕಿದ್ದ. ಆದರೂ 1837ರಲ್ಲಿ ಪಟ್ಟ ಸಿಕ್ಕಿದ್ದು ಎಡ್ವರ್ಡ್‌ನ ಮಗಳು, 18 ವರ್ಷದ ವಿಕ್ಟೋರಿಯಾಗೆ. ಅಲ್ಲಿಯವರೆಗೆ ಬ್ರಿಟನ್ನಿನ ರಾಜನೇ ಆಳುತ್ತಿದ್ದ ಹ್ಯಾನೋವರ್‌ನಲ್ಲಿ ಮಾತ್ರ ಕುಟುಂಬದಲ್ಲಿ ಗಂಡಸು ಇರುವಾಗ ಹೆಂಗಸು ಆಳುವಂತಿರಲಿಲ್ಲ. ಅಲ್ಲಿಗೆ ಚಿಕ್ಕಪ್ಪ ಅರ್ನೆಸ್ಟ್ ದೊರೆಯಾದ.

3. ಹುಟ್ಟಿದ ತಾರೀಖು ನೋಡಿ

2011ರ ಅಕ್ಟೋಬರ್ 28ರ ನಂತರ ಹುಟ್ಟಿದವರಲ್ಲಿ ಗಂಡು, ಹೆಣ್ಣು ಭೇದವಿಲ್ಲ. ಯುವರಾಜ ವಿಲಿಯಂ ಅವರ ಮಗಳು, 2015ರಲ್ಲಿ ಹುಟ್ಟಿದ ಶಾರ್ಲೆಟ್, 2018ರ ತಮ್ಮ ಲೂಯಿಗಿಂತ ಮುಂದೆ. ಅದಕ್ಕೂ ಮೊದಲು ಹುಟ್ಟಿದವರಿಗೆ ಹಳೇ ಲೆಕ್ಕವೇ: ಗಂಡುಮಕ್ಕಳು ಮೊದಲು. ಈಗಿನ ರಾಜ ಮೂರನೇ ಚಾರ್ಲ್ಸ್‌ ಅವರ ತಂಗಿ ಆ್ಯನ್ ಹುಟ್ಟಿದ್ದು 1950ರಲ್ಲಿ. 1964ರಲ್ಲಿ ಹುಟ್ಟಿದ ತಮ್ಮ ಎಡ್ವರ್ಡ್ ಮಾತ್ರವಲ್ಲ, ಅವರ ಮಕ್ಕಳೂ ಆ್ಯನ್‌ಗಿಂತ ಮುಂದಿದ್ದಾರೆ. ಇದು ನನಗಂತೂ ಅನ್ಯಾಯವಾಗೇ ಕಾಣುತ್ತದೆ.

4. ಈಗ ರಬ್ಬರ್ ತಗೊಳ್ಳಿ

ಕ್ಯಾಥೊಲಿಕರ ಹೆಸರು ಅಳಿಸಿ. ಕಾಯ್ದೆಯ ಲೆಕ್ಕದಲ್ಲಿ ಅವರು ಸತ್ತಂತೆಯೇ. ಆದರೆ ಅವರ ಪ್ರಾಟೆಸ್ಟೆಂಟ್ ಮಕ್ಕಳ ಹೆಸರು ಉಳಿಯುತ್ತದೆ. ಮೊದಲು ಕ್ಯಾಥೊಲಿಕರನ್ನು ಮದುವೆಯಾದವರೂ ಹೊರಗೆ ಹೋಗುತ್ತಿದ್ದರು. 1978ರಲ್ಲಿ ಹೀಗೆ ಸ್ಥಾನ ಕಳೆದುಕೊಂಡ ರಾಜಮನೆತನದ ಕೆಂಟ್‌ನ ಮೈಕೆಲ್ ಅವರಿಗೆ 2015ರಲ್ಲಿ ಹೊಸ ಕಾಯ್ದೆ ಜಾರಿಯಾದಾಗ ಅದು ಮರಳಿ ಸಿಕ್ಕಿತು. ಸರದಿಯ ಮೊದಲ ಆರು ಮಂದಿ ಮದುವೆಗೆ ರಾಜರ ಒಪ್ಪಿಗೆ ಪಡೆಯಲೇಬೇಕು.

ಮದುವೆಯಿಲ್ಲದೆ ಹುಟ್ಟಿದವರಿಗೆ ಪಟ್ಟವಿಲ್ಲ. ಎರಡನೇ ಚಾರ್ಲ್ಸ್‌ನ ಅಂಥ ಮಗ ಮನ್ಮತ್ 1685ರಲ್ಲಿ ದಂಗೆ ಎದ್ದು ತಲೆ ಕಳೆದುಕೊಂಡ. ದತ್ತು ಮಕ್ಕಳಿಗೂ ಇಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ 1865ರಲ್ಲಿ ದತ್ತು ಪಡೆದ ಚಾಮರಾಜೇಂದ್ರರನ್ನು ಕೊನೆಗೆ ಬ್ರಿಟಿಷರೇ ಒಪ್ಪಿಕೊಂಡರು. ತಮ್ಮ ಮನೆಯಲ್ಲಿ ಮಾತ್ರ ಬೇರೆ ನಿಯಮ!

5. 'ನನಗೆ ಬೇಡ' ಅಂದವರನ್ನು ಸುಮ್ನೆ ಅಳಿಸಬೇಡಿ

ಅದಕ್ಕೂ ಕಾಯ್ದೆ ಬೇಕು. ಎಂಟನೇ ಎಡ್ವರ್ಡ್ 1936ರ ಡಿಸೆಂಬರ್ 10ರಂದು ಪಟ್ಟ ಬಿಡುವ ಪತ್ರಕ್ಕೆ ಸಹಿ ಹಾಕಿದರೂ, ಬ್ರಿಟನ್ನಿನಲ್ಲಿ ರಾಜನಾಗಿ ಉಳಿದದ್ದು 11ರಂದು ಕಾಯ್ದೆ ಆಗುವವರೆಗೆ. ಮುಂದೆ ಹುಟ್ಟಬಹುದಾದ ಅವನ ಮಕ್ಕಳನ್ನೂ ಆ ಕಾಯ್ದೆ ಹೊರಗಿಟ್ಟಿತು. ಅವನೇ ರಾಜನಾಗಿದ್ದ ಬೇರೆ ದೇಶಗಳಲ್ಲಿ ದಕ್ಷಿಣ ಆಫ್ರಿಕಾ ತನ್ನ ಕಾಯ್ದೆಯಲ್ಲಿ 10 ಎಂದು ಬರೆದುಕೊಂಡಿತು, ಐರ್ಲೆಂಡ್ 12ಕ್ಕೆ ಒಪ್ಪಿತು. ಹೀಗಾಗಿ ಅವನ ತಮ್ಮ ಆರನೇ ಜಾರ್ಜ್‌ನ ಆಳ್ವಿಕೆ ಮೂರು ಕಡೆ ಮೂರು ಬೇರೆ ಬೇರೆ ದಿನ ಶುರುವಾಯಿತು.