ಹೆಸರು ಗೊತ್ತಿಲ್ಲದ ನಾಣ್ಯಗಳಿಂದ ಬೆಳೆದ ಬಳಗ

ನಾಣ್ಯ ಸಂಗ್ರಾಹಕರಿಗಾಗಿ ಜಾಲತಾಣವೊಂದನ್ನು ಕಟ್ಟಲು ಹೊರಟಾಗ ಕೇಳಿದವರೆಲ್ಲ ಕೊಟ್ಟ ಸಲಹೆ ಒಂದೇ: ಮೊದಲು ಜನರನ್ನು ಸೇರಿಸು, ಮಾತಿಗೆ ಜಾಗ ಮಾಡಿಕೊಡು, ಉಳಿದದ್ದು ತಾನಾಗಿ ಬರುತ್ತದೆ. ನಾನು ಹಿಡಿದದ್ದು ಇದಕ್ಕೆ ಎದುರಾದ ದಾರಿ. ಸಂಗ್ರಾಹಕನೊಬ್ಬ ಒಂದು ತಾಣಕ್ಕೆ ಬರುವುದು ಕೈಯಲ್ಲಿರುವುದು ಏನೆಂದು ತಿಳಿಯಲು, ಇರುವುದರ ಲೆಕ್ಕ ಇಡಲು, ಇಲ್ಲದ್ದನ್ನು ಹುಡುಕಲು. ಮಾತು ಹುಟ್ಟುವುದು ಆ ಮೇಲೆ, ಅದೂ ವಸ್ತುವಿನ ಸುತ್ತಲೇ. ಹಾಗಾಗಿ ಜನರಿಗಿಂತ ಮೊದಲು ನಾಣ್ಯಗಳ ಪುಟಗಳನ್ನು ಸಿದ್ಧಮಾಡಿದೆ. ಧ್ವನಿಮುದ್ರಿಕೆ ಸಂಗ್ರಾಹಕರ ಡಿಸ್ಕಾಗ್ಸ್ ತಾಣ 2000ದಲ್ಲಿ ಹುಟ್ಟಿದ್ದು ಹೀಗೆಯೇ. ಎಲೆಕ್ಟ್ರಾನಿಕ್ ಸಂಗೀತವೆಂಬ ಒಂದೇ ಪ್ರಕಾರವನ್ನು ಹಿಡಿದು, ಪ್ರತಿ ಮುದ್ರಿಕೆಗೂ ಒಂದು ಪುಟ ತೆರೆದು, ವಿವರ ತುಂಬುವ ಕೆಲಸವನ್ನು ಬಳಕೆದಾರರ ಕೈಗೆ ಕೊಟ್ಟಿತು. ಕೊಡುಕೊಳ್ಳುವಿಕೆ ಬಂದದ್ದು ಆಮೇಲೆ.

ನಾನು ಆರಿಸಿಕೊಂಡದ್ದು ದೊಡ್ಡ ಗಾತ್ರದ ಬೆಳ್ಳಿ ನಾಣ್ಯಗಳನ್ನು: ಮಧ್ಯ ಯುರೋಪಿನ ಥಾಲರ್, ಸ್ಪೇನ್ ಸಾಮ್ರಾಜ್ಯದ ಎಂಟು ರಿಯಾಲ್, ಏಷ್ಯಾದ ವ್ಯಾಪಾರಕ್ಕೆಂದೇ ಅಚ್ಚಾದ ವ್ಯಾಪಾರಿ ಡಾಲರ್. ತಾವು ಹುಟ್ಟಿದ ದೇಶಕ್ಕಿಂತ ದೂರದ ಬಂದರುಗಳಲ್ಲಿ ಹೆಚ್ಚು ಓಡಾಡಿದ ನಾಣ್ಯಗಳು ಇವು. ಜಗತ್ತಿನ ಎಲ್ಲ ನಾಣ್ಯಗಳೂ ಇಲ್ಲಿವೆ ಎಂದು ಫಲಕ ಹಾಕಿ ಒಳಗೆ ಬರಿಯ ಕಪಾಟುಗಳನ್ನು ತೋರಿಸುವುದು ನನಗೆ ಒಗ್ಗುವ ಮಾತಲ್ಲ. ಚಿಕ್ಕ ಕ್ಷೇತ್ರವಾದರೆ ಮೊದಲ ದಿನ ಬಂದವನಿಗೂ ತಾನು ಹುಡುಕುತ್ತಿರುವುದು ಸಿಕ್ಕೀತು. ಪ್ರತಿ ಪುಟದಲ್ಲೂ ತೂಕ, ವ್ಯಾಸ, ಲೋಹ, ಅಂಚಿನ ಬಗೆ, ಎರಡು ಮುಖಗಳ ನೇರ ಇರಬೇಕೆಂದು ಪಟ್ಟು ಹಿಡಿದೆ. ಎರಡು ಮುಖಗಳ ನೇರವೆಂದರೆ ನಾಣ್ಯವನ್ನು ತಿರುಗಿಸಿದಾಗ ಹಿಂಬದಿಯ ಚಿತ್ರ ನೆಟ್ಟಗಿದೆಯೋ ತಲೆಕೆಳಗಾಗಿದೆಯೋ ಎಂಬುದು. ನಕಲಿಯನ್ನು ಹಿಡಿಯುವಾಗ ಈ ಪುಟ್ಟ ವಿವರ ಎಷ್ಟೋ ಸಲ ಕೈಹಿಡಿಯುತ್ತದೆ.

ತಾಣಕ್ಕೆ ಆಕಾರ ಕೊಟ್ಟದ್ದು ಒಂದೇ ಒಂದು ನಾಣ್ಯ ಎಂದರೆ ಉತ್ಪ್ರೇಕ್ಷೆಯಲ್ಲ. ಅದು ಆಸ್ಟ್ರಿಯಾದ ಮಹಾರಾಣಿಯ ಹೆಸರು ಹೊತ್ತ ಮರಿಯಾ ತೆರೆಸಾ ಥಾಲರ್. ಅದರ ಮೇಲೆ 1780 ಎಂದಿದೆ, ಆ ಮಹಾರಾಣಿ ತೀರಿಕೊಂಡ ವರ್ಷ. ಕೆಂಪು ಸಮುದ್ರದ ಎರಡೂ ದಡಗಳ ವ್ಯಾಪಾರಿಗಳು ಇದೇ ನಾಣ್ಯವನ್ನು ನಂಬಿದ್ದರಿಂದ ಟಂಕಸಾಲೆಗಳು ವರ್ಷವನ್ನು ಬದಲಿಸದೆ ಅಚ್ಚು ಹಾಕುತ್ತಲೇ ಹೋದವು. ವಿಯೆನ್ನಾದಲ್ಲಿ ಮಾತ್ರವಲ್ಲ, ಇಪ್ಪತ್ತನೆಯ ಶತಮಾನದಲ್ಲಿ ರೋಮ್, ಲಂಡನ್, ಬರ್ಮಿಂಗ್‌ಹ್ಯಾಮ್, ಬಾಂಬೆಯ ಟಂಕಸಾಲೆಗಳಲ್ಲೂ ಅದು ತಯಾರಾಯಿತು. ತೂಕ ಸುಮಾರು 28.07 ಗ್ರಾಂ, ಬೆಳ್ಳಿ ಸಾವಿರಕ್ಕೆ 833 ಪಾಲು. ಎಲ್ಲದರ ಮೇಲೂ ಅದೇ ಮುಖ, ಅದೇ ವರ್ಷ. ಹಾಗಿದ್ದರೆ ಯಾವುದು ಎಲ್ಲಿಯದು? ಮಹಾರಾಣಿಯ ಎದೆಯ ಪದಕದ ಸುತ್ತಲಿನ ಮುತ್ತುಗಳನ್ನು ನೋಡಬೇಕು, ಹಿಂಬದಿಯ ಎರಡು ತಲೆಯ ಹದ್ದಿನ ಬಾಲದ ಗರಿಗಳನ್ನು ಎಣಿಸಬೇಕು, ಅಂಚಿನ ಬರಹದ ನಡುವಿನ ಅಲಂಕಾರವನ್ನು ಭೂತಗನ್ನಡಿಯ ಕೆಳಗೆ ಹಿಡಿಯಬೇಕು.

ಈ ನಾಣ್ಯವನ್ನು ದಾಖಲಿಸಲು ಕುಳಿತಾಗ ‘ವರ್ಷ’ ಎಂಬ ಒಂದು ಖಾನೆ ಸಾಲದು ಎಂದು ಮೊದಲೇ ಸ್ಪಷ್ಟವಾಯಿತು. ನಾಣ್ಯದ ಮೇಲೆ ಬರೆದ ವರ್ಷ ಬೇರೆ, ಅಚ್ಚಾದ ಕಾಲ ಬೇರೆ, ಎರಡಕ್ಕೂ ಪ್ರತ್ಯೇಕ ಖಾನೆ ಬೇಕು. ಒಂದು ಮಾದರಿಯ ಕೆಳಗೆ ಅದರ ಪ್ರಭೇದಗಳು, ಪ್ರತಿ ಪ್ರಭೇದದ ಕೆಳಗೆ ಸದಸ್ಯರ ಕೈಯಲ್ಲಿರುವ ನಾಣ್ಯಗಳು ಎಂಬ ಮೂರು ಅಂತಸ್ತಿನ ರಚನೆ ಹುಟ್ಟಿದ್ದು ಇಲ್ಲಿಂದಲೇ. ಒಬ್ಬ ಸದಸ್ಯರು ತಮ್ಮ ಬಳಿಯಿದ್ದ ಥಾಲರ್‌ಗಳ ಹದ್ದಿನ ಬಾಲವನ್ನಷ್ಟೇ ಹತ್ತಿರದಿಂದ ಚಿತ್ರ ತೆಗೆದು ಸಾಲಾಗಿ ಜೋಡಿಸಿ ಹಾಕಿದರು. ನಡುವಿನ ಗರಿಯ ತುದಿ ಒಂದರಲ್ಲಿ ಮೊನಚು, ಪಕ್ಕದ್ದರಲ್ಲಿ ದುಂಡಗೆ. ಅದನ್ನು ನೋಡಿದವರೆಲ್ಲ ತಮ್ಮ ತಮ್ಮ ಥಾಲರ್ ಹೊರತೆಗೆದರು. ಅಲ್ಲಿಯವರೆಗೆ ಬರಿಯ ಓದುಗರಾಗಿದ್ದವರು ಆ ಒಂದು ಪುಟದ ಸೆಳೆತಕ್ಕೆ ಸದಸ್ಯರಾದರು. ಮಾತಾಡಿ ಎಂದು ಯಾರನ್ನೂ ಕರೆಯಬೇಕಾಗಲಿಲ್ಲ.

ವರ್ಷದ ವಿಷಯ ಅಲ್ಲಿಗೇ ನಿಲ್ಲಲಿಲ್ಲ. ಇಸ್ಲಾಮೀ ಪಂಚಾಂಗದ ಹಿಜರಿ ವರ್ಷ ಸುಮಾರು 354 ದಿನಗಳದ್ದು, ಆದ್ದರಿಂದ ಒಂದು ಸಂಖ್ಯೆಯನ್ನು ಕೂಡಿಸಿ ಕ್ರಿಸ್ತಶಕಕ್ಕೆ ತರಲು ಬರುವುದಿಲ್ಲ. ಥಾಯ್ ನಾಣ್ಯಗಳ ಬೌದ್ಧ ವರ್ಷದಲ್ಲಿ 543 ಕಳೆಯಬೇಕು. ಜಪಾನಿನದು ಚಕ್ರವರ್ತಿಯ ಆಳ್ವಿಕೆಯ ವರ್ಷ. ಚಕ್ರವರ್ತಿ ಹಿರೋಹಿತೋ ಆಳ್ವಿಕೆಯ ಶೋವಾ 64 ಎಂಬ ವರ್ಷ ಇದ್ದದ್ದು 1989ರ ಜನವರಿ 1ರಿಂದ 7ರವರೆಗೆ, ಬರೀ ಏಳು ದಿನ. ಆದರೂ ಆ ವರ್ಷದ ಗುರುತಿನ ನಾಣ್ಯಗಳಿವೆ! ಆಸಕ್ತಿ ಬೆಳೆದಂತೆ ಕ್ಷೇತ್ರ ಹಿಗ್ಗಿ ಇಂಥವೂ ಬಂದು ಸೇರಿದ್ದರಿಂದ, ನಾಣ್ಯದ ಮೇಲಿರುವಂತೆಯೇ ವರ್ಷವನ್ನು ತುಂಬಿದರೆ ತಾಣವೇ ಪರಿವರ್ತಿಸಿ ತೋರಿಸುವ ಏರ್ಪಾಡು ಮಾಡಿದೆವು. ಅಂಕೆಗಳನ್ನೇ ಓದಲು ಬಾರದವರಿಗೆ ಬೇರೆ ಬೇರೆ ಲಿಪಿಗಳ ಅಂಕೆಗಳ ಚಿತ್ರಪಟವನ್ನು ಖಾನೆಯ ಪಕ್ಕದಲ್ಲೇ ಇಟ್ಟೆವು. ಕಣ್ಣಿಗೆ ಕಾಣುವ ಆಕಾರದ ಮೇಲೆ ಒತ್ತಿದರೆ ಸಾಕು.

ಬೆಳವಣಿಗೆಯ ನಿಜವಾದ ಯಂತ್ರವಿರುವುದು ‘ಇದು ಯಾವುದು?’ ಎಂಬ ವಿಭಾಗದಲ್ಲಿ. ಹೆಸರು ಗೊತ್ತಿರುವ ನಾಣ್ಯಕ್ಕೆ ಜನ ತಾಣ ಹುಡುಕುವುದು ಕಡಿಮೆ. ಪೆಟ್ಟಿಗೆಯ ತಳದಲ್ಲಿ ಅಪರಿಚಿತ ಬಿಲ್ಲೆಯೊಂದು ಸಿಕ್ಕಾಗಲೇ ಹುಡುಕಾಟ ಶುರು. ಆಗ ಅವರು ಟೈಪ್ ಮಾಡುವುದು ಕಣ್ಣಿಗೆ ಕಂಡದ್ದನ್ನು: ನಡುವೆ ತೂತು, ಹಾಯಿ ಹಡಗು, ಎಂಟು ಮೂಲೆ, ಎರಡು ತಲೆಯ ಹಕ್ಕಿ. ಆದ್ದರಿಂದ ಪ್ರತಿ ಪುಟದಲ್ಲೂ ಶಾಸ್ತ್ರೀಯ ವಿವರಣೆಯ ಮೇಲೆ ಎರಡು ಸಾಲು ಸರಳ ವರ್ಣನೆ ಇರಬೇಕೆಂದು ನಿಯಮ ಮಾಡಿದೆ. ಹೊಸಬರಲ್ಲಿ ಹೆಚ್ಚಿನವರು ತಾಣಕ್ಕೆ ಬಂದಿಳಿಯುವುದು ಆ ಎರಡು ಸಾಲುಗಳ ಮೂಲಕವೇ.

ಕೇಳುವವರಿಗೂ ಒಂದು ಶಿಸ್ತು ಇಟ್ಟೆವು. ಎರಡೂ ಮುಖಗಳ ಸ್ಪಷ್ಟ ಚಿತ್ರ ಬೇಕು, ವ್ಯಾಸ ಬೇಕು, ತೂಕವೂ ಬೇಕು. ಇದು ಹೊಸಬರನ್ನು ಹಿಂಜರಿಸುತ್ತದೆ ಎಂದು ಕೆಲವರು ವಾದಿಸಿದರು. ಉತ್ತರ ಕೊಡುವವರ ಸಮಯಕ್ಕೆ ಬೆಲೆ ಕೊಡದ ಬಳಗ ಹೆಚ್ಚು ದಿನ ಬಾಳುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಉತ್ತರಿಸುವವರಿಗೂ ಶಿಸ್ತು ಉಂಟು. ಹೆಸರು ಹೇಳಿದರೆ ಸಾಲದು, ಯಾವ ಗುರುತಿನಿಂದ ಹಾಗೆ ಹೇಳಿದಿರಿ ಎಂಬುದನ್ನೂ ಬರೆಯಬೇಕು. ಉತ್ತರಕ್ಕೆ ಆ ನಾಣ್ಯದ ಪುಟವನ್ನು ಜೋಡಿಸಬೇಕು. ಪುಟವೇ ಇಲ್ಲದಿದ್ದರೆ ಅದನ್ನು ತೆರೆಯುವವರೆಗೆ ಪ್ರಶ್ನೆ ಮುಗಿಯುವುದಿಲ್ಲ. ಹೀಗಾಗಿ ಇಂದು ಒಬ್ಬರು ಕೇಳಿದ್ದು ಮುಂದೆ ಅದೇ ನಾಣ್ಯ ಹಿಡಿದು ಬರುವವರಿಗೆ ಉತ್ತರವಾಗಿ ಉಳಿಯುತ್ತದೆ. ಅವರಲ್ಲಿ ಕೆಲವರು ತಮ್ಮ ನಾಣ್ಯದ ತೂಕವನ್ನು ಸೇರಿಸುತ್ತಾರೆ, ಕೆಲವರು ಇನ್ನೂ ಚೆನ್ನಾದ ಚಿತ್ರ ಹಾಕುತ್ತಾರೆ. ಹನಿ ಹನಿಗೂಡಿದರೆ ಹಳ್ಳ ಎನ್ನುವುದು ಇಂಥ ಕೆಲಸಕ್ಕೇ ಹೇಳಿದ ಮಾತು.

‘ಇದಕ್ಕೆ ಎಷ್ಟು ಸಿಗುತ್ತದೆ?’ ಎಂಬ ಪ್ರಶ್ನೆ ದಿನವೂ ಬರುತ್ತದೆ. ಪುಟಗಳಲ್ಲಿ ಬೆಲೆ ಹಾಕುವುದಿಲ್ಲವೆಂದು ಆರಂಭದಲ್ಲೇ ನಿಶ್ಚಯಿಸಿದೆ. ಬೆಲೆ ಬಂದ ಕಡೆ ಮಾತೆಲ್ಲ ಅದರ ಸುತ್ತಲೇ ಸುತ್ತುತ್ತದೆ. ಹಳೆಯ ನಾಣ್ಯವೆಂದರೆ ಕೋಟಿ ಎಂದು ಆಸೆ ಹುಟ್ಟಿಸುವ ವಿಡಿಯೊಗಳನ್ನು ನೋಡಿ ಬಂದವರಿಗೆ ನಿರಾಸೆಯನ್ನಲ್ಲದೆ ಇನ್ನೇನನ್ನೂ ಕೊಡಲಾಗುವುದಿಲ್ಲ. ಅದರ ಬದಲು ಸ್ಥಿತಿಯನ್ನು ಅಳೆಯುವುದು ಹೇಗೆಂದು ಕಲಿಸುತ್ತೇವೆ. 1949ರಲ್ಲಿ ವಿಲಿಯಂ ಶೆಲ್ಡನ್ ಅಮೆರಿಕದ ಹಳೆಯ ಸೆಂಟ್ ನಾಣ್ಯಗಳಿಗಾಗಿ ಪ್ರಕಟಿಸಿದ 1ರಿಂದ 70ರವರೆಗಿನ ಅಳತೆಗೋಲು ಇಂದು ಎಲ್ಲೆಡೆ ಬಳಕೆಯಲ್ಲಿದೆ. ಅದನ್ನು ಚಿತ್ರಗಳ ಸಮೇತ ವಿವರಿಸಿದ ಪುಟವಿದೆ. ಇನ್ನು, ‘ತೊಳೆಯಲೇ?’ ಎಂದು ಕೇಳಿದವರಿಗೆ ನಮ್ಮ ಉತ್ತರ ಒಂದೇ: ಬೇಡ. ಉಜ್ಜಿದರೆ ಕಾಲ ಕೊಟ್ಟ ಬಣ್ಣದ ಜೊತೆ ಲೋಹದ ತೆಳುಪದರವೂ ಹೋಗುತ್ತದೆ, ಉಳಿಯುವ ಕೂದಲೆಳೆಯಂಥ ಗೀರುಗಳನ್ನು ಯಾರೂ ಅಳಿಸಲಾರರು.

ನಕಲಿ ನಾಣ್ಯಗಳ ವಿಷಯದಲ್ಲಿ ಬಳಗದ ನಡತೆ ಪರೀಕ್ಷೆಗೆ ಒಳಗಾಗುತ್ತದೆ. ಅಕ್ಕರೆಯಿಂದ ಕೊಂಡ ನಾಣ್ಯ ನಕಲಿ ಎಂದು ತಿಳಿಯುವುದು ನೋವಿನ ಸಂಗತಿ. ಅಂಥ ಹೊತ್ತಿನಲ್ಲಿ ಒಂದು ಕುಹಕದ ಮಾತು ಬಿದ್ದರೂ ಆ ವ್ಯಕ್ತಿ ಮತ್ತೆ ಬರುವುದಿಲ್ಲ. ಆದ್ದರಿಂದ ಮಾತು ನಾಣ್ಯದ ಬಗ್ಗೆ ಇರಲಿ, ಅದರ ಒಡೆಯರ ಬಗ್ಗೆ ಬೇಡ ಎಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತೇವೆ. ಮೊದಲು ಅಳತೆ, ಆಮೇಲೆ ತೀರ್ಪು. ನಾಣ್ಯವನ್ನು ದಾರಕ್ಕೆ ಕಟ್ಟಿ ನೀರಿನಲ್ಲಿ ಮುಳುಗಿಸಿ ಸಾಂದ್ರತೆ ಕಂಡುಹಿಡಿಯುವುದು ಮನೆಯಲ್ಲೇ ಮಾಡಬಹುದಾದ ಕೆಲಸ. ಘನ ಸೆಂಟಿಮೀಟರಿಗೆ ಶುದ್ಧ ಬೆಳ್ಳಿಗೆ 10.49 ಗ್ರಾಂ, ತಾಮ್ರ ಬೆರೆತ ಥಾಲರ್‌ಗೆ ಸುಮಾರು 10.2 ಗ್ರಾಂ ಬರಬೇಕು. 9ರ ಆಸುಪಾಸಿಗೆ ಇಳಿದರೆ ಬೇರೆ ಸಾಕ್ಷಿ ಬೇಡ. ಸಿಕ್ಕಿಬಿದ್ದ ನಕಲಿಗಳನ್ನು ಅಳಿಸದೆ ಅಸಲಿಯ ಪುಟಕ್ಕೇ ಹೊಂದಿಸಿ, ಅಕ್ಕಪಕ್ಕ ಚಿತ್ರಗಳೊಡನೆ ಉಳಿಸುತ್ತೇವೆ. ನಕಲಿಗೆ ಹಣ ತೆತ್ತವರೇ ಮುಂದೆ ಬಂದು ಚಿತ್ರ ಕೊಟ್ಟಿದ್ದಾರೆ. ಇನ್ನೊಬ್ಬರು ಮೋಸಹೋಗದಿರಲಿ ಎಂಬ ಆ ಮನಸ್ಸಿಗೆ ನಾನು ಸದಾ ಋಣಿ.

ಸಂಗ್ರಾಹಕರ ಸುರಕ್ಷತೆಯನ್ನು ಮರೆಯುವಂತಿಲ್ಲ. ಮೊಬೈಲ್‌ನಲ್ಲಿ ತೆಗೆದ ಚಿತ್ರದೊಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳು ಅಡಗಿರಬಹುದು. ಬೆಳ್ಳಿ ನಾಣ್ಯದ ಚಿತ್ರದ ಜೊತೆ ಮನೆಯ ವಿಳಾಸವನ್ನೂ ಕೊಟ್ಟಂತೆ ಅದು. ಚಿತ್ರ ಏರಿಸಿದ ಕೂಡಲೇ ತಾಣ ಆ ಜಾಗದ ಗುರುತನ್ನು ಅಳಿಸಿಹಾಕುತ್ತದೆ. ಯಾರ ಸಂಗ್ರಹದಲ್ಲಿ ಒಟ್ಟು ಏನೇನಿದೆ ಎಂಬುದು ಅವರಾಗಿ ತೆರೆಯದ ಹೊರತು ಬೇರೆಯವರಿಗೆ ಕಾಣುವುದಿಲ್ಲ. ವಿನಿಮಯ ವಿಭಾಗವನ್ನು ಬೇಕೆಂದೇ ತಡವಾಗಿ ತೆರೆದೆವು, ಅದೂ ಪುಟಗಳಿಗೆ ದುಡಿದ ಸದಸ್ಯರಿಗೆ ಮಾತ್ರ. ತಾಣ ಹಣವನ್ನು ಮುಟ್ಟುವುದಿಲ್ಲ.

ಹಿರಿಯ ಸಂಗ್ರಾಹಕರನ್ನು ಕರೆತರುವುದಕ್ಕೆ ಬೇರೆಯದೇ ತಾಳ್ಮೆ ಬೇಕಾಯಿತು. ಅವರ ಜ್ಞಾನವೆಲ್ಲ ನೋಟ್‌ಬುಕ್‌ಗಳಲ್ಲಿ, ಸಣ್ಣ ಕಾಗದದ ಲಕೋಟೆಗಳ ಮೇಲಿನ ಪೆನ್ಸಿಲ್ ಬರಹದಲ್ಲಿ ಇರುತ್ತದೆ. ಟೈಪ್ ಮಾಡಿ ಎಂದು ಅವರನ್ನು ಕೇಳಲಿಲ್ಲ. ಒಬ್ಬೊಬ್ಬ ಹಿರಿಯರಿಗೆ ಒಬ್ಬೊಬ್ಬ ಕಿರಿಯ ಸದಸ್ಯರನ್ನು ಜೋಡಿಸಿದೆವು. ಹಿರಿಯರು ಪುಟಗಳ ಚಿತ್ರ ಕಳುಹಿಸುತ್ತಾರೆ, ಕಿರಿಯರು ಬರೆದುಕೊಂಡು, ಅನುಮಾನ ಬಂದಲ್ಲಿ ಫೋನ್ ಮಾಡಿ ಕೇಳುತ್ತಾರೆ. ದಾಖಲೆಯಲ್ಲಿ ಹಿರಿಯರ ಹೆಸರೇ ಇರುತ್ತದೆ. ಪ್ರತಿ ತಿದ್ದುಪಡಿಯ ಇತಿಹಾಸ ಉಳಿಯುವುದರಿಂದ ‘ನಾನೇ ತೂಗಿದ್ದು’ ಎಂಬುದಕ್ಕೂ ‘ಪಟ್ಟಿಯಲ್ಲಿ ಓದಿದ್ದು’ ಎಂಬುದಕ್ಕೂ ಇರುವ ವ್ಯತ್ಯಾಸ ಎಲ್ಲರಿಗೂ ಕಾಣುತ್ತದೆ. ಯಾರು ಬೇಕಾದರೂ ತಮ್ಮ ಸಂಗ್ರಹದ ಪಟ್ಟಿಯನ್ನು ಯಾವಾಗ ಬೇಕಾದರೂ ಇಳಿಸಿಕೊಂಡು ಹೋಗಬಹುದು. ಬಾಗಿಲು ತೆರೆದಿದೆ ಎಂದು ಗೊತ್ತಿರುವುದರಿಂದಲೇ ಜನ ನಿಶ್ಚಿಂತೆಯಿಂದ ಉಳಿಯುತ್ತಾರೆ ಎಂದು ನನ್ನ ನಂಬಿಕೆ.

ಈಗ ಕೈಗೆತ್ತಿಕೊಂಡಿರುವುದು ವ್ಯಾಪಾರಿ ಡಾಲರ್‌ಗಳ ಮೇಲಿನ ಮುದ್ರೆಗಳನ್ನು. ಚೀನಾದ ವರ್ತಕರು, ಸರಾಫರು ಬೆಳ್ಳಿಯನ್ನು ಪರೀಕ್ಷಿಸಿ, ಒಪ್ಪಿಗೆಯಾದರೆ ತಮ್ಮ ಗುರುತನ್ನು ನಾಣ್ಯದ ಮೇಲೆಯೇ ಕುಟ್ಟುತ್ತಿದ್ದರು. ಒಂದೊಂದು ನಾಣ್ಯದ ಮೇಲೂ ಒಂದೊಂದು ಬಗೆಯ ಮುದ್ರೆಗಳಿರುವುದರಿಂದ ಮಾದರಿ, ಪ್ರಭೇದ ಎಂಬ ನಮ್ಮ ವಿಂಗಡಣೆಗೆ ಅವು ಒಗ್ಗುವುದಿಲ್ಲ. ಹಾಗಾಗಿ ಮುದ್ರೆಗೇ ಪ್ರತ್ಯೇಕ ಪುಟ ಕೊಟ್ಟು, ಅದು ಕಂಡುಬಂದ ನಾಣ್ಯಗಳನ್ನೆಲ್ಲ ಅದಕ್ಕೆ ಜೋಡಿಸುತ್ತಿದ್ದೇವೆ. ಚೀನೀ ಅಕ್ಷರ ಓದಬಲ್ಲ ಸದಸ್ಯರು ಒಬ್ಬೊಬ್ಬರಾಗಿ ಬಂದು ಕೈಜೋಡಿಸುತ್ತಿದ್ದಾರೆ.