‘ಯಾರು’ ಅಂತ ಆಮೇಲೆ ಕೇಳಿ, ಮೊದಲು ‘ಎಲ್ಲಿ’ ಅಂತ ಕೇಳಿ

ಭಾನುವಾರ ಪೂರ್ತಿ ಚೆನ್ನಾಗಿದ್ದ ಮಗುವಿಗೆ ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಅಂದರೆ ನಾಟಕ ಅಂತ ಗದರಬೇಡಿ. ಶಾಲೆಯಲ್ಲಿ ಬೇರೆ ಮಕ್ಕಳು ಕಾಡಿಸುತ್ತಿದ್ದರೆ ಆ ಹೆದರಿಕೆಗೆ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ನೀರಿನ ಬಾಟಲಿ ಕಡೆಗೂ ಒಮ್ಮೆ ನೋಡಿ. ಅದು ದಿನಾ ತುಂಬಿದ ಹಾಗೇ ವಾಪಸ್ ಬರ್ತಿದ್ದರೆ, ಟಾಯ್ಲೆಟ್ ಹತ್ತಿರ ಯಾರೋ ಕಾಡಿಸ್ತಾರೆ ಅಂತ ಹೆದರಿ ಮಗು ನೀರು ಕುಡಿಯೋದನ್ನೇ ಬಿಟ್ಟಿರಬಹುದು.

‘ಯಾರು ಹೇಳು’ ಅಂತ ಕೂತರೆ ಮಗು ಬಾಯಿ ಬಿಡಲ್ಲ. ಹೆಸರು ಹೇಳಿದರೆ ಅಪ್ಪ ಶಾಲೆಗೆ ಹೋಗಿ ಕೂಗಾಡ್ತಾರೆ, ಮರುದಿನ ಕಾಟ ಇನ್ನೂ ಜಾಸ್ತಿಯಾಗುತ್ತೆ ಅಂತ ಅದಕ್ಕೆ ಚೆನ್ನಾಗಿ ಗೊತ್ತು. ಅದರ ಬದಲು ‘ನಿನಗೆ ಯಾವ ಜಾಗಕ್ಕೆ ಹೋಗೋಕೆ ಇಷ್ಟ ಆಗಲ್ಲ?’ ಅಂತ ಕೇಳಿ. ಇಂಥದೆಲ್ಲ ಜಾಸ್ತಿ ನಡೆಯೋದು ದೊಡ್ಡವರ ಕಣ್ಣು ತಪ್ಪಿದ ಕಡೆ. ದಾವಣಗೆರೆಗೆ ಹರಿಹರ, ಜಗಳೂರು, ಚನ್ನಗಿರಿ ಕಡೆಯಿಂದ ಪಾಸ್ ಹಿಡಿದು ಬರುವ ಮಕ್ಕಳಿಗೆ ಅದು ಬಸ್ಸಿನ ಹಿಂದಿನ ಸೀಟು ಇರಬಹುದು, ಟ್ಯೂಷನ್ ಮೆಟ್ಟಿಲು ಇರಬಹುದು, ಪಿಯುಸಿಗೆ ಬಂದವರಿಗೆ ಹಾಸ್ಟೆಲ್ ರೂಮು, ಇಲ್ಲವೇ ರಾತ್ರಿ ಹನ್ನೊಂದಕ್ಕೂ ಸದ್ದು ಮಾಡುವ ವಾಟ್ಸಾಪ್ ಗ್ರೂಪು. ಎದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಕುಂದವಾಡ ಕೆರೆ ಏರಿ ಮೇಲೆ ಜೊತೆಗೆ ನಡೀತಾ ಕೇಳಿ. ಮುಖ ನೋಡದಿದ್ದರೆ ಮಾತು ಸಲೀಸಾಗಿ ಬರುತ್ತೆ.

‘ನೀನೂ ಎರಡು ಬಿಟ್ಟು ಬಾ’ ಅನ್ನೋ ಸಲಹೆ ನಮ್ಮಲ್ಲಿ ಪುಕ್ಕಟೆ ಸಿಗುತ್ತೆ. ನನಗೆ ಅದು ಸುತರಾಂ ಒಪ್ಪಿಗೆಯಿಲ್ಲ. ಮಕ್ಕಳು ಮಕ್ಕಳನ್ನು ಕಾಡಿಸೋದನ್ನೇ 1970ರ ದಶಕದಿಂದ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಇಂಥ ಕಾಟಕ್ಕೆ ಮೂರು ಗುರುತು ಕೊಟ್ಟಿದ್ದಾರೆ: ಬೇಕಂತಲೇ ಮಾಡೋದು, ಪದೇ ಪದೇ ಮಾಡೋದು, ಬಲ ಸಮ ಇಲ್ಲದವರ ಮೇಲೆ ಮಾಡೋದು. ಬಲವೇ ಸಮ ಇಲ್ಲ ಅಂದ ಮೇಲೆ ತಿರುಗಿ ಹೊಡಿ ಅಂದರೆ ಮಗು ಎರಡು ಸಲ ಸೋಲುತ್ತೆ, ಅಲ್ಲಿ ಒಮ್ಮೆ, ನಿಮ್ಮೆದುರು ಒಮ್ಮೆ.

ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಜಾಗ, ಏನಾಯ್ತು, ಯಾರು ನೋಡಿದರು ಅಂತ ಬರೆದಿಡಿ. ಫೋನಿನಲ್ಲಿ ಬಂದದ್ದಾದರೆ ಬ್ಲಾಕ್ ಮಾಡೋ ಮುಂಚೆ ಸ್ಕ್ರೀನ್‌ಶಾಟ್ ತೆಗೆಯಿರಿ. ಬೆದರಿಕೆ ಅಥವಾ ಕೆಟ್ಟ ಫೋಟೊ ಇದ್ದರೆ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಲೇಬೇಕು. ಶಾಲೆಗೆ ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಅದರಲ್ಲಿ ‘ಅವನನ್ನು ಸಸ್ಪೆಂಡ್ ಮಾಡಿ’ ಅನ್ನೋದಕ್ಕಿಂತ ‘ಊಟದ ಬಿಡುವಿನಲ್ಲಿ ಆ ಜಾಗದಲ್ಲಿ ಒಬ್ಬ ಮೇಷ್ಟ್ರು ನಿಲ್ಲಲಿ’ ಅಂತ ಕೇಳಿ, ಕೆಲಸ ಬೇಗ ಆಗುತ್ತೆ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೈ ಕುಲುಕಿಸಿ ಕಳಿಸೋ ರಾಜಿ ಮಾತ್ರ ಬೇಡ. ಕಾಡಿಸಿದವನ ಮುಂದೆ ಯಾವ ಮಗು ತಾನೇ ನಿಜ ಹೇಳುತ್ತೆ? ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಇದೆ, ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಇದ್ದಾರೆ. ಜೊತೆಗೆ ಓಡಾಡೋಕೆ ಒಬ್ಬ ಗೆಳೆಯ, ಒಬ್ಬಳು ಗೆಳತಿ ಸಿಗುವಂತೆ ಮಾಡಿ. ಒಂಟಿ ಮಗುವೇ ಜಾಸ್ತಿ ಗುರಿಯಾಗೋದು.

ಕಾಟ ನಿಂತ ಮೇಲೂ ಮನಸ್ಸು ತಕ್ಷಣ ಸರಿಹೋಗಲ್ಲ. ಎರಡು ವಾರವಾದರೂ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಇಷ್ಟದ ಆಟಕ್ಕೂ ಹೋಗ್ತಿಲ್ಲ ಅಂದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ‘ನಾನು ಇರಲೇಬಾರದು’ ಅನ್ನೋ ಮಾತು ಬಂದರೆ ಎರಡು ವಾರ ಕಾಯೋದಿಲ್ಲ, ಅದೇ ದಿನ ಹೊರಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ‘ಸಾಯಬೇಕು ಅನ್ನಿಸುತ್ತಾ?’ ಅಂತ ನೇರವಾಗಿ ಕೇಳಬಹುದು, ಕೇಳಿದ್ದಕ್ಕೆ ಆ ಯೋಚನೆ ಹುಟ್ಟಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ದಿನದ 24 ಗಂಟೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. ಮಕ್ಕಳ ಸಹಾಯವಾಣಿ 1098. ಮಗು ಫೋನ್ ಹಿಡಿಯಲ್ಲ ಅಂತ ಹಠ ಮಾಡಿದರೆ ನೀವೇ ಕರೆ ಮಾಡಿ, ಏನು ಮಾಡಬೇಕು ಅಂತ ಅಪ್ಪ ಅಮ್ಮನೂ ಕೇಳಬಹುದು.